ನುಂಗಲೊಲ್ಲದ ಯಂತ್ರ

ಆಯನೂರಿನಿಂದ ಸ್ವಲ್ಪ ಒಳಗೆ, ಅಡಿಕೆ ತೋಟವೊಂದರ ಅಂಚಿನಲ್ಲಿ ಆ ಯಂತ್ರ ಬಾಯಿ ತೆರೆದುಕೊಂಡು ನಿಂತಿತ್ತು. ಇಂಜಿನ್ ಓಡುತ್ತಿತ್ತು, ಸದ್ದಿಗೇನೂ ಕೊರತೆಯಿರಲಿಲ್ಲ. ಕೊಟ್ಟ ಸೋಗೆಯನ್ನು ಮಾತ್ರ ಒಳಗೆಳೆದುಕೊಳ್ಳಲೊಲ್ಲದು. ಒಂದು ಗೇಣು ಹೋಗಿ, ಅಲ್ಲೇ ಗಡಗಡ ನಡುಗುತ್ತ ನಿಲ್ಲುವುದು. ಹಟಮಾರಿ ಮಗು ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂತ ಹಾಗೆ.

ಹುಡುಗ ಸಾಲ ಮಾಡಿ ಕೊಂಡ ಯಂತ್ರ ಅದು. ಸೋಗೆ, ಮರದ ರೆಂಬೆ ಎಲ್ಲವನ್ನೂ ಚೂರು ಮಾಡಿ ಗೊಬ್ಬರಕ್ಕೆ ಒದಗಿಸುತ್ತದೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಯಂತ್ರ ನಿಂತರೆ ಗಂಟೆಯೂ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಅವನು ರೋಲರಿನ ಸ್ಪ್ರಿಂಗ್ ಬಿಗಿ ಮಾಡಿದ, ಇಂಜಿನ್ನಿನ ವೇಗ ಏರಿಸಿದ, ಮಾರಿದವನಿಗೆ ಶಾಪ ಹಾಕಿದ. ಕೊನೆಗೆ ಯಂತ್ರದ ಬಾಯಿಗೇ ಕಾಲಿಟ್ಟು ಸೋಗೆಯನ್ನು ಒಳಗೆ ತಳ್ಳತೊಡಗಿದ.

"ಕಾಲು ತೆಗೆಯೋ!" ಎಂದು ಹಿಂದಿನಿಂದ ಕೂಗು ಬಂತು.

ಕೂಗಿದವರು ಅವನ ದೊಡ್ಡಪ್ಪ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಮರದ ದಿಮ್ಮಿಗಳನ್ನು ಚಕ್ಕೆ ಮಾಡುವ ವಿಭಾಗದಲ್ಲಿ ದುಡಿದವರು. 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್ 1981ರಿಂದ ಪತ್ರಿಕೆಗಳಿಗೆ ಬೇಕಾದ ಕಾಗದವನ್ನೂ ತಯಾರಿಸಿತು. 2015ರಲ್ಲಿ ಉತ್ಪಾದನೆ ನಿಂತಿತು. ಕಾರ್ಖಾನೆ ಮೌನವಾದರೂ ಅಲ್ಲಿ ಕಲಿತ ವಿದ್ಯೆ ಮುದುಕರ ಕಿವಿಯಲ್ಲಿ ಉಳಿದಿತ್ತು.

ಅವರು ಇಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಕೂಡಲೇ ಮುಚ್ಚಳಕ್ಕೆ ಕೈ ಹಾಕಲು ಹೋದ ಹುಡುಗನನ್ನು ತಡೆದರು. ಇಂಜಿನ್ ಆರಿದ ಮೇಲೂ ಒಳಗಿನ ಭಾರವಾದ ಉರುಳೆ ತನ್ನ ಓಟದ ಬಲದಿಂದಲೇ ಬಹಳ ಹೊತ್ತು ಸುತ್ತುತ್ತಿರುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಇಬ್ಬರೂ ಕಾದರು.

"ಅದು ತಿನ್ನೋದನ್ನ ನೋಡ್ತಾ ಕೂತಿದ್ದೀಯ. ಉಗುಳಿದ್ದನ್ನ ನೋಡು" ಎಂದರು ದೊಡ್ಡಪ್ಪ.

ಹೊರಗೆ ಬಿದ್ದ ರಾಶಿಯಲ್ಲಿ ಒಂದು ಹಿಡಿ ಎತ್ತಿ ತೋರಿಸಿದರು. ಕತ್ತರಿಸಿದ ಚೂರುಗಳಿರಲಿಲ್ಲ. ಜಜ್ಜಿದ ನಾರು, ಪುಡಿ, ಉದ್ದುದ್ದ ಎಳೆ. ಅಲಗು ಹರಿತವಾಗಿದ್ದರೆ ಅದೇ ಸೋಗೆಯನ್ನು ಕಚ್ಚಿ ಒಳಗೆಳೆಯುತ್ತದೆ. ಮೊಂಡಾದರೆ ಬಡಿದು ಹಿಂದಕ್ಕೆ ತಳ್ಳುತ್ತದೆ. ರೋಲರನ್ನು ಬಿಗಿ ಮಾಡಿದ್ದರಿಂದ ಆದದ್ದಿಷ್ಟೇ: ಕಚ್ಚಲಾರದ ಬಾಯಿಗೆ ಬಲವಂತವಾಗಿ ತುರುಕಿದ ಹಾಗಾಯಿತು.

ಅಲಗು ಮೊಂಡಾದದ್ದಕ್ಕೂ ಕಾರಣವಿತ್ತು. ಸೋಗೆಯನ್ನು ನೆಲದ ಮೇಲೆ ಎಳೆದು ತಂದಿದ್ದರು; ಮೆತ್ತಿದ ಮಣ್ಣು, ಮರಳು ಅದರ ಜೊತೆಗೇ ಒಳಗೆ ಹೋಗಿತ್ತು. ಅಲಗನ್ನು ಬಿಚ್ಚಿ ಸಾಣೆ ಹಿಡಿಸಿಕೊಂಡು ಬಂದರು. ಅದಕ್ಕೆದುರಾಗಿ ಕೂರುವ ಕಬ್ಬಿಣದ ಪಟ್ಟಿಯ ಅಂಚೂ ಸವೆದಿತ್ತು. ನಡುವಿನ ಸಂದು ಹೆಚ್ಚಾಗಿ ನಾರು ಕತ್ತರಿಸಿಕೊಳ್ಳದೆ ಮಡಚಿಕೊಂಡು ನುಸುಳುತ್ತಿತ್ತು. ಪಟ್ಟಿಯನ್ನು ತಿರುಗಿಸಿ ಹೊಸ ಅಂಚನ್ನು ಮುಂದೆ ತಂದರು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿದ್ದಷ್ಟೇ ಸಂದು ಬಿಟ್ಟರು. ಸಡಿಲವಾದ ಬೆಲ್ಟನ್ನು ಎಳೆದು ಕಟ್ಟಿದರು. ರೋಲರಿಗೆ ಸುತ್ತಿದ್ದ ನಾರನ್ನು ಕೊಯ್ದು ತೆಗೆದರು. ಉರುಳೆಯನ್ನು ಕೋಲಿನಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಕೀಲಿ ಜೇಬಿನಿಂದ ಹೊರಬಂತು.

ಈ ಸಲ ಸೋಗೆಯನ್ನು ಕೊಡವಿ, ಬುಡವನ್ನು ಮುಂದೆ ಮಾಡಿ ಕೊಟ್ಟರು. ಯಂತ್ರ ಅದನ್ನು ಸರಕ್ಕನೆ ಒಳಗೆಳೆದುಕೊಂಡಿತು.

ಸಂಜೆ ತೋಟದ ಯಜಮಾನರು ಲೆಕ್ಕಕ್ಕೆ ಕೂತಾಗ ಹುಡುಗ ಯಂತ್ರ ನಿಂತಿದ್ದ ಹೊತ್ತನ್ನು ತಾನೇ ಕಳೆದು ಹೇಳಿದ. ಅಷ್ಟು ಹೊತ್ತಿನ ಬಾಡಿಗೆ ಹೋಯಿತೆಂದು ಅವನ ಮುಖ ಸಣ್ಣಗಾಗಿತ್ತು. ದೊಡ್ಡಪ್ಪ ಅವನ ಕಾಲನ್ನೊಮ್ಮೆ ನೋಡಿದರು, ಏನೂ ಹೇಳಲಿಲ್ಲ. ಬೇಲಿಯ ಮೂಲೆಯಲ್ಲಿ ಬಿದ್ದಿದ್ದ ಮರದ ಗಳುವೊಂದನ್ನು ಮಾರುದ್ದಕ್ಕೆ ಕಡಿದು, ಸವರಿ, ಯಂತ್ರದ ಪಕ್ಕಕ್ಕೆ ಹಗ್ಗದಿಂದ ಕಟ್ಟಿದರು.

"ತಳ್ಳಲೇಬೇಕು ಅಂತಾದರೆ ಇದರಲ್ಲಿ ತಳ್ಳು. ಇದು ತುಂಡಾದರೆ ಇನ್ನೊಂದು ಕಡಿಯಬಹುದು."