ಒಂದು ಸಲಕ್ಕೆ ಒಂದೇ

ಫ್ಯಾನು ತಿರುಗುತ್ತಿತ್ತು. ಕ್ಯಾಬಿನೆಟ್ಟಿನ ದೀಪ ಉರಿಯುತ್ತಿತ್ತು. ಮಾನಿಟರು ಮಾತ್ರ 'ನೋ ಸಿಗ್ನಲ್' ಎಂದು ಒಮ್ಮೆ ತೋರಿಸಿ ಕಣ್ಣು ಮುಚ್ಚಿಕೊಂಡಿತು. 2023ರ ಜುಲೈ ತಿಂಗಳ ಒಂದು ರಾತ್ರಿ, ತಿಪಟೂರಿನ ಮನೆಯೊಂದರಲ್ಲಿ, ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗ ಸ್ವಿಚ್ಚನ್ನು ಹತ್ತನೇ ಸಲ ಒತ್ತಿ ನೋಡಿದ. ಪರದೆ ಕಪ್ಪಾಗಿಯೇ ಉಳಿಯಿತು. ಒಳಕೋಣೆಯಲ್ಲಿ ಅಪ್ಪ ಅಮ್ಮ ಮಲಗಿದ್ದರು. ಅವರನ್ನು ಎಬ್ಬಿಸುವ ಧೈರ್ಯ ಅವನಿಗಾಗಲಿಲ್ಲ.

ಅಮ್ಮ ಚೀಟಿ ಎತ್ತಿ ಕೊಟ್ಟ 20 ಸಾವಿರ ರೂಪಾಯಿ ಅದು. ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಹೊಸ ರೈಝೆನ್ 5 5600 ಪ್ರೊಸೆಸರು, 8 ಜಿಬಿಯ ಇನ್ನೊಂದು ರ್‍ಯಾಮು, ಯಾರೋ ಬಳಸಿ ಮಾರಿದ್ದ ಗ್ರಾಫಿಕ್ಸ್ ಕಾರ್ಡು ತಂದಿದ್ದ. ಮನೆಯಲ್ಲಿ ಹೇಳಿದ್ದು 'ಕಾಲೇಜಿನ ಪ್ರಾಜೆಕ್ಟಿಗೆ ಬೇಕು' ಎಂದು. ಅದು ಅರ್ಧ ನಿಜ, ಉಳಿದರ್ಧ ಆಟಕ್ಕೆ. 2019ರಲ್ಲಿ ಕೊಂಡ ಕಂಪ್ಯೂಟರಿಗೆ ಈ ಮೂರನ್ನೂ ಒಂದೇ ಸಂಜೆ ಜೋಡಿಸಿದ್ದ.

ಎರಡು ದಿನ 'ಇನ್ನೂ ಜೋಡಿಸುತ್ತಿದ್ದೇನೆ' ಎಂದು ಮುಂದೂಡಿದ. ಅಂಗಡಿಗೆ ಫೋನು ಮಾಡಿದರೆ 'ಬೋರ್ಡು ಹೋಗಿರಬೇಕು, ಹೊಸದು ಹಾಕಿಸಿ' ಎಂದರು. ಒಬ್ಬ ಗೆಳೆಯ ರ್‍ಯಾಮು ಎಂದ, ಇನ್ನೊಬ್ಬ ಪವರ್ ಸಪ್ಲೈ ಎಂದ. ಹುಡುಗನಿಗೆ ಊಟ ಸೇರಲಿಲ್ಲ.

ಮೂರನೆಯ ರಾತ್ರಿ ಅಪ್ಪನೇ ಬಂದು ಪಕ್ಕದಲ್ಲಿ ಕೂತರು. ಅವರದು ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ತೋಟದವರು ತರುವ ಪಂಪ್‌ಸೆಟ್ಟುಗಳ ನಡುವೆ ಮೂವತ್ತು ವರ್ಷ ಕಳೆದವರು. ಕಂಪ್ಯೂಟರಿನ ಒಳಗನ್ನು ಅವರು ನೋಡಿದ್ದು ಅದೇ ಮೊದಲು.

'ಏನೇನು ಬದಲಾಯಿಸ್ದೆ?' ಎಂದು ಕೇಳಿದರು.

'ಮೂರು, ಅಪ್ಪಾ.'

'ಮೂರೂ ಒಟ್ಟಿಗೆ ಹಾಕಿದ್ರೆ ಯಾವುದು ಕೈ ಕೊಡ್ತು ಅಂತ ಹೆಂಗೋ ಗೊತ್ತಾಗುತ್ತೆ? ಸುಟ್ಟೋಗಿದೆ ಅಂತ ತಂದ ಮೋಟಾರು ಎಷ್ಟೋ ಸಲ ಸುಟ್ಟೇ ಇರಲ್ಲ ಕಣೋ. ಒಂದು ಫೇಸ್ ಬಂದಿರಲ್ಲ, ಅಷ್ಟೆ. ಮೊದ್ಲು ಹೊರಗಿಂದ ನೋಡ್ಕೊಂಡು ಬಾ.'

ಹೊರಗಿನಿಂದಲೇ ಒಂದು ತಪ್ಪು ಸಿಕ್ಕಿತು. ಮಾನಿಟರಿನ ಕೇಬಲ್ಲು ಹಳೆಯ ಜಾಗದಲ್ಲೇ, ಅಂದರೆ ಮದರ್‌ಬೋರ್ಡಿನಲ್ಲೇ, ಇತ್ತು. ಹಳೆಯ ರೈಝೆನ್ 5 3400ಜಿ ಪ್ರೊಸೆಸರಿನೊಳಗೆ ಚಿತ್ರ ಮೂಡಿಸುವ ಭಾಗವೂ ಇತ್ತು. ಹೊಸದರಲ್ಲಿ ಅದು ಇಲ್ಲ. ಹಾಗಾಗಿ ಬೋರ್ಡಿನ ಕಿಂಡಿಯಿಂದ ಎಂದೂ ಚಿತ್ರ ಬರುವಂತಿರಲಿಲ್ಲ. ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿದರು. ಆದರೂ ಪರದೆ ಕಪ್ಪು.

ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಬೋರ್ಡಿನ ಮೂಲೆಯ ಕೆಂಪು ಚುಕ್ಕೆಯೊಂದು ಬಿತ್ತು. 'ಅದೇನು ಉರೀತಿರೋದು?' ಪಕ್ಕದಲ್ಲಿ 'ಸಿಪಿಯು' ಎಂದು ಇರುವೆಯಷ್ಟು ಸಣ್ಣ ಅಕ್ಷರ. ಕಂಪ್ಯೂಟರು ಎದ್ದ ಕೂಡಲೇ ತನ್ನ ಅಂಗಾಂಗಗಳನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ. 1981ರ ಐಬಿಎಂ ಪಿಸಿ ಎಲ್ಲ ಸರಿಯಿದ್ದರೆ 'ಬೀಪ್' ಎಂದು ಒಮ್ಮೆ ಚಿಕ್ಕದಾಗಿ ಕೂಗುತ್ತಿತ್ತು. ಈಚಿನ ಎಷ್ಟೋ ಬೋರ್ಡುಗಳು ಕೂಗುವುದಿಲ್ಲ, ಎಲ್ಲಿ ತಡೆಯಿತೋ ಅಲ್ಲಿ ಹೀಗೊಂದು ದೀಪ ಹಚ್ಚುತ್ತವೆ. ಎರಡು ದಿನ ಮಾನಿಟರನ್ನೇ ದಿಟ್ಟಿಸಿದ್ದ ಹುಡುಗ ಅದನ್ನು ನೋಡಿಯೇ ಇರಲಿಲ್ಲ.

'ಹಂಗಾದ್ರೆ ಹೊಸ ಪ್ರೊಸೆಸರ್ ಸತ್ತಿದೆ' ಎಂದ ಹುಡುಗ, ಅಳು ಬರುವಂತೆ.

'ಸತ್ತಿದೆಯೋ, ಬೋರ್ಡಿಗೆ ಅದರ ಪರಿಚಯ ಇಲ್ವೋ? ಹಳೇದನ್ನ ಹಾಕು. ಬೇರೆ ಏನೂ ಮುಟ್ಬೇಡ.'

ಪ್ಲಗ್ಗು ಕಿತ್ತು, ಮೈಯ ಸ್ಥಿರವಿದ್ಯುತ್ತು ಇಳಿಯಲೆಂದು ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಕೂಲರನ್ನು ಮೇಲಕ್ಕೆ ಎಳೆಯದೆ ಮೆಲ್ಲಗೆ ಆಚೀಚೆ ತಿರುಗಿಸಿ ಬಿಡಿಸಿದ. ಎಳೆದರೆ ಪೇಸ್ಟಿಗೆ ಅಂಟಿದ ಪ್ರೊಸೆಸರು ಜೊತೆಗೇ ಕಿತ್ತು ಬಂದು, ಕೂದಲಿನಂಥ ಪಿನ್ನುಗಳು ಬಾಗುವುದುಂಟು. ಹಳೆಯದನ್ನು ಕೂರಿಸಿ, ಹಳೆಯ ಪೇಸ್ಟು ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನು ಇಟ್ಟು ಸ್ವಿಚ್ಚು ಒತ್ತಿದ. ಪರದೆ ಬೆಳಗಿತು!

ಆ ಒಂದು ಬೆಳಕಿನಿಂದ ಬಹಳಷ್ಟು ತಿಳಿಯಿತು. ಚಿತ್ರ ಬಂದದ್ದು ಗ್ರಾಫಿಕ್ಸ್ ಕಾರ್ಡಿನಿಂದ, ಆದ್ದರಿಂದ ಅದು ಸರಿ. ಎರಡು ರ್‍ಯಾಮುಗಳೂ ಲೆಕ್ಕಕ್ಕೆ ಬಂದವು. 'ಹೋಗಿದೆ' ಎನಿಸಿಕೊಂಡಿದ್ದ ಬೋರ್ಡೂ ಬದುಕಿತ್ತು. ಅದರ ಬಯಾಸ್ ಮಾತ್ರ 2019ರದು. ಹೊಸ ಪ್ರೊಸೆಸರು ಮಾರುಕಟ್ಟೆಗೆ ಬಂದದ್ದು 2022ರಲ್ಲಿ. ಮೂರು ವರ್ಷ ಆಮೇಲೆ ಹುಟ್ಟಿದವನ ಗುರುತು ಹಳೆಯ ಬಯಾಸಿಗೆ ಸಿಗುವುದಾದರೂ ಹೇಗೆ? ಬೋರ್ಡಿನ ತಯಾರಕರ ಪಟ್ಟಿಯಲ್ಲಿ, ಯಾವ ಆವೃತ್ತಿಯಿಂದ ಈ ಪ್ರೊಸೆಸರು ನಡೆಯುತ್ತದೆ ಎಂಬುದು ಸ್ಪಷ್ಟವಾಗಿಯೇ ಇತ್ತು. ಕೊಳ್ಳುವ ಮೊದಲು ಅದನ್ನು ಓದಬೇಕಿತ್ತು.

ಬಯಾಸ್ ಬದಲಾಗುವಾಗ ನಡುವೆ ಕರೆಂಟು ಹೋದರೆ ಬೋರ್ಡು ನಿಜವಾಗಿಯೂ ಕೆಟ್ಟು ಕೂರಬಹುದು. ಆದ್ದರಿಂದ ಅವಸರ ಮಾಡದೆ, ಮರುದಿನ ಪಕ್ಕದ ಝೆರಾಕ್ಸ್ ಅಂಗಡಿಯಿಂದ ಯುಪಿಎಸ್ ತಂದರು. ಪೆನ್ ಡ್ರೈವಿನಿಂದ ಹೊಸ ಬಯಾಸ್ ಏರುವಷ್ಟು ಹೊತ್ತು ಅಮ್ಮನೂ ಬಂದು ನಿಂತಿದ್ದಳು. ಆಮೇಲೆ ಹೊಸ ಪ್ರೊಸೆಸರು ಕೂರಿಸಿದ. ಕೆಂಪು ಚುಕ್ಕೆ ಮಿನುಗಿ ಆರಿತು, ಪರದೆ ಹತ್ತಿತು. ಹೊಸ ಬೋರ್ಡಿನ ಖರ್ಚು ಉಳಿಯಿತು.

ಆಗ ಹುಡುಗ ತಲೆ ತಗ್ಗಿಸಿ, 'ಕಾರ್ಡು ತಂದಿದ್ದು ಪ್ರಾಜೆಕ್ಟಿಗಲ್ಲಮ್ಮಾ, ಆಟಕ್ಕೆ' ಎಂದ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಮುಂದಿನ ಚೀಟಿ ನಿಂಗಲ್ಲ' ಎಂದು ಒಳಗೆ ಹೋದಳು.

'ಮೊದಲನೇ ದಿನವೇ ಹೇಳಿದ್ರೆ ಎರಡು ದಿನ ಉಳೀತಿತ್ತು' ಎಂದಷ್ಟೇ ಹೇಳಿ ಅಪ್ಪ ಯುಪಿಎಸ್ ಹಿಂದಿರುಗಿಸಲು ಎದ್ದರು.

ಪರದೆ ಕಪ್ಪಾದಾಗ ಮಕ್ಕಳಿಗೆ ಮುಚ್ಚಿಡಬೇಕೆನಿಸುವುದು ಸಹಜ, ಹೆತ್ತವರಿಗೆ ಎಷ್ಟು ಹಣ ಹಾಳಾಯಿತೆಂದು ಕೇಳಬೇಕೆನಿಸುವುದೂ ಸಹಜ. ತಿಪಟೂರಿನ ಆ ಮನೆಯಲ್ಲಿ ಮೊದಲ ಪ್ರಶ್ನೆ 'ಏನೇನು ಬದಲಾಯಿಸ್ದೆ?' ಎಂದಾಗಿತ್ತು. ಕೆಲಸ ಸುಲಭವಾದದ್ದು ಅಲ್ಲಿಂದಲೇ.