ಬೇಳೆ ಬೇಯುವ ನೀರು, ಫ್ಯಾಕ್ಟರಿ ಬಸ್ಸು

1975ರಲ್ಲಿ ನಾವು ಬೆಂಗಳೂರಿನಲ್ಲಿ ಸ್ವಂತ ಮನೆ ಹುಡುಕಲು ಹೊರಟಾಗ, ಕೆಲಸದ ಜಾಗ ಎಷ್ಟು ಮೈಲಿ ದೂರ ಎಂದು ಯಾರೂ ಕೇಳುತ್ತಿರಲಿಲ್ಲ. ಫ್ಯಾಕ್ಟರಿ ಬಸ್ಸು ಯಾವ ಮೂಲೆಯಲ್ಲಿ ನಿಲ್ಲುತ್ತದೆ ಎಂದು ಕೇಳುತ್ತಿದ್ದರು. ನಾನು ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿದ್ದೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಎಳ್ಳುಕಾಳಿಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೆಲಸ. ನಮ್ಮ ಸಾಲಿನಲ್ಲಿ ಹೆಂಗಸರೇ ಹೆಚ್ಚು. ಎಚ್‌ಎಂಟಿ, ಬಿಇಎಲ್, ಐಟಿಐ, ಎಚ್‌ಎಎಲ್ ಬಸ್ಸುಗಳು ನಸುಕಿನಲ್ಲೇ ಪೇಟೆಗಳನ್ನೆಲ್ಲ ಸುತ್ತಿ ಜನರನ್ನು ತುಂಬಿಕೊಂಡು ಹೋಗುತ್ತಿದ್ದವು. ಬಸ್ಸು ನಿಲ್ಲುವ ಮೂಲೆಗೆ ನಡೆದು ಹೋಗುವಷ್ಟರಲ್ಲಿ ಮನೆ ಸಿಕ್ಕರೆ ಮುಗಿಯಿತು, ಅದೇ ಕೆಲಸಕ್ಕೆ ಹತ್ತಿರದ ಮನೆ.

ಆಗ ನಾವಿದ್ದದ್ದು ಚಾಮರಾಜಪೇಟೆಯ ವಠಾರದಲ್ಲಿ. ಬಾಡಿಗೆ ಅರವತ್ತೈದು ರೂಪಾಯಿ. ಒಂದು ನಡುಮನೆ, ಒಂದು ಅಡಿಗೆಮನೆ, ಮೇಲೆ ಮಂಡಿಯೂರಿ ಹೋಗಬೇಕಾದ ಅಟ್ಟ. ಆರು ಸಂಸಾರಗಳಿಗೆ ಎರಡು ಬಚ್ಚಲು, ಒಂದು ನಲ್ಲಿ. ಫಸ್ಟ್ ಶಿಫ್ಟಿನ ವಾರ ನಾನು ಕತ್ತಲಲ್ಲೇ ಎದ್ದು ಹಂಡೆಗೆ ಉರಿ ಹಾಕಬೇಕಿತ್ತು. ಸೌದೆ ಹಸಿಯಾಗಿದ್ದರೆ ಹೊಗೆ ಎದುರು ಮನೆಗೂ ಹೋಗುತ್ತಿತ್ತು, ಅವರ ಕೆಮ್ಮು ನಮ್ಮ ಮನೆಗೆ ಕೇಳುತ್ತಿತ್ತು. ನಡುಮನೆಯ ಗಳದ ಮೇಲೆ ನಮ್ಮತ್ತೆಯ ಮಡಿಸೀರೆ. ಅದರ ಕೆಳಗೆ ತಲೆ ತಗ್ಗಿಸಿಕೊಂಡೇ ನನ್ನ ಓಡಾಟ. ಮಗ ಹುಟ್ಟಿ ತೊಟ್ಟಿಲು ಕಟ್ಟಿದ ಮೇಲೆ ಕಾಲಿಡಲೂ ಜಾಗ ಉಳಿಯಲಿಲ್ಲ.

ಬಂಧುಗಳೆಲ್ಲ ಜಯನಗರ ಎಂದರು. ಜಯಚಾಮರಾಜ ಒಡೆಯರ ಹೆಸರಿನ ಜಯನಗರ, ರಾಜಾಜಿಯವರ ಹೆಸರಿನ ರಾಜಾಜಿನಗರ, ಎರಡೂ ಸ್ವಾತಂತ್ರ್ಯ ಬಂದ ಹೊಸದರಲ್ಲೇ ಶುರುವಾದ ಬಡಾವಣೆಗಳು. ಜಯನಗರದ ಅಗಲ ರಸ್ತೆ, ಸಾಲುಮರ ನೋಡಿ ನನಗೂ ಆಸೆಯಾಗಿತ್ತು. ಆದರೆ ನನ್ನ ಕೆಲಸ ಊರಿನ ಬಡಗಣ ತುದಿಯಲ್ಲಿ, ನಮ್ಮನೆಯವರು ಪಾಠ ಹೇಳುತ್ತಿದ್ದ ಶಾಲೆ ಮಲ್ಲೇಶ್ವರದಲ್ಲಿ. ಸೋದರಮಾವ ಮಾತ್ರ ಬಿಡದೆ, “ಹೆಣ್ಣುಮಗಳು ಎಷ್ಟು ದಿನ ಕೆಲಸಕ್ಕೆ ಹೋದಾಳು? ಮನೆ ನಮ್ಮ ಪಕ್ಕದಲ್ಲಿರಲಿ” ಎಂದರು. ನಿವೃತ್ತಿಯವರೆಗೂ ಹೋಗುತ್ತೇನೆ ಎಂದು ಅವರೆದುರು ಮೊದಲ ಸಲ ದನಿಯೆತ್ತಿ ಹೇಳಿದೆ. ಹಾಗೆಯೇ ಹೋದೆ. ಇವತ್ತಿಗೂ ಆ ಮಾತು ನೆನಪಾದರೆ ನನ್ನ ಬೆನ್ನು ನೆಟ್ಟಗಾಗುತ್ತದೆ.

ಕಾರ್ಖಾನೆಗೆ ಅಂಟಿದ ಹಾಗೆ ಜಾಗಗಳೂ ಇದ್ದವು. ಮತ್ತಿಕೆರೆ ದಾಟಿದರೆ ರಾಗಿ ಹೊಲಗಳಲ್ಲಿ ಸುಣ್ಣದ ಗೆರೆ ಎಳೆದು ಸೈಟು ಮಾರುತ್ತಿದ್ದರು. ಮೂವತ್ತು ನಲವತ್ತರ ಸೈಟಿಗೆ ಎರಡು ಸಾವಿರದ ಎಂಟುನೂರು. ಊಟದ ಬಿಡುವಿನಲ್ಲಿ ನಡೆದುಹೋಗಿ ಬರಬಹುದಿತ್ತು. ಹೊಲ ಹೊಲವಾಗಿಯೇ ಇದೆ, ಪರಿವರ್ತನೆ ಆಗಿಲ್ಲ, ಅದು ರೆವಿನ್ಯೂ ಸೈಟು ಎಂದು ನಮ್ಮನೆಯವರು ಕಾಗದ ನೋಡಿ ಬೇಡವೆಂದರು. ನನ್ನ ಪಕ್ಕದ ಮೇಜಿನ ಗೆಳತಿ ತೆಗೆದುಕೊಂಡಳು. ಒಳಚರಂಡಿ ಬರುವಷ್ಟರಲ್ಲಿ ಅವಳ ಮಗಳ ಮದುವೆಯಾಗಿತ್ತು. ಅಕ್ರಮ ಸಕ್ರಮ ಬಂದರೆ ಎಲ್ಲ ನೇರವಾಗುತ್ತದೆ ಎಂದು ಕಾದಳು. 2017ರಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನಲ್ಲಿ ತಡೆ ಬಿತ್ತು. ಇಂಥ ಸೈಟಿಗೆ ಸಿಗುವ ಬಿ ಖಾತೆಯ ಮನೆಗೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ ಎಂದಾಗ ಅವಳು ಪಟ್ಟ ಸಂಕಟ ಕಂಡಿದ್ದೇನೆ. ಅವಳು ಮಾಡಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಕೈಯಲ್ಲಿದ್ದ ದುಡ್ಡಿಗೆ ಸಿಗುತ್ತಿದ್ದದ್ದು ಅದೊಂದೇ. ಈ ನಗರದ ಅರ್ಧ ಜನ ನೆಲೆ ಕಂಡದ್ದು ಹಾಗೆಯೇ.

ನಮಗೆ ಕೊನೆಗೆ ಒಪ್ಪಿಗೆಯಾದದ್ದು ರಾಜಾಜಿನಗರ ಒಂದನೇ ಬ್ಲಾಕಿನ ಮನೆ. ಬಡಾವಣೆ ಮಾಡುತ್ತಿದ್ದ ಟ್ರಸ್ಟ್ ಬೋರ್ಡಿನ ಸೈಟು; ಅದರ ಬದಲಿಗೆ ಬಿಡಿಎ ಹುಟ್ಟಿದ್ದು ಮರುವರ್ಷ. ಕೆಂಪು ಗಾರೆ ನೆಲ, ಮದ್ರಾಸು ತಾರಸಿ, ಬಚ್ಚಲಲ್ಲಿ ಹೂತ ತಾಮ್ರದ ಹಂಡೆ, ಹಿತ್ತಲಲ್ಲಿ ಬಾವಿ, ಒಗೆಯುವ ಕಲ್ಲು, ನುಗ್ಗೆಮರ. ಫ್ಯಾಕ್ಟರಿ ಬಸ್ಸು ನಿಲ್ಲುವ ಅರಳಿಮರ ಎರಡು ಬೀದಿ ಆಚೆಗೆ. ಗಾಳಿ ಈ ಕಡೆ ತಿರುಗಿದರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯ ಗಂಧದ ವಾಸನೆ ಹಿತ್ತಲವರೆಗೂ ಬರುತ್ತಿತ್ತು. ಬೆಲೆ ಮೂವತ್ತಾರು ಸಾವಿರ. ನನಗೆ ತಿಂಗಳಿಗೆ ನಾನೂರ ಎಂಬತ್ತು, ನಮ್ಮನೆಯವರಿಗೆ ಅದಕ್ಕಿಂತ ಕಡಿಮೆ.

ನಮ್ಮತ್ತೆಗೆ ಬಸ್ಸು, ಕಾಗದಪತ್ರ ಯಾವುದೂ ಬೇಕಿರಲಿಲ್ಲ. ತಿರುಪಿನ ಮುಚ್ಚಳದ ಹಿತ್ತಾಳೆ ಕೂಜಾ ಹಿಡಿದುಕೊಂಡು ಮನೆ ನೋಡಲು ಬಂದರು. ಬಾವಿಯಿಂದ ಸೇದಿಸಿ, ಕೂಜಾ ತುಂಬಿಸಿ, ಚಾಮರಾಜಪೇಟೆಗೆ ಹೊತ್ತು ತಂದು, ಸೀಮೆಎಣ್ಣೆ ಸ್ಟವ್ವಿನ ಮೇಲೆ ತೊಗರಿಬೇಳೆ ಬೇಯಲಿಟ್ಟರು. ನಾವಿಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಬಾಗಿಲಲ್ಲಿ ನಿಂತಿದ್ದೆವು. ಬೇಳೆ ಸೌಟಿಗೆ ಹಿಟ್ಟಾಗಿ ಕರಗಿತು. “ನೀರು ಸಿಹಿಯಾಗಿದೆ, ತಗೊಳ್ಳಿ” ಎಂದರು. ಗಡಸು ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ನಿಲ್ಲುತ್ತದೆ. ಊರಿಗೆ ಕಾವೇರಿಯ ಮೊದಲ ಹಂತದ ನೀರು ಬಂದದ್ದೇ 1974ರಲ್ಲಿ. ನಲ್ಲಿಯನ್ನು ನಂಬಿ ಮನೆ ಕೊಳ್ಳುವ ಧೈರ್ಯ ಅವರ ಕಾಲದವರಿಗೆ ಇರಲಿಲ್ಲ, ಅದು ಸರಿಯೂ ಆಗಿತ್ತು.

ದುಡ್ಡು ಒಟ್ಟಾದ ರೀತಿ ಹೇಳುತ್ತೇನೆ. ಸೊಸೈಟಿ ಸಾಲ, ನನ್ನ ಪಿಎಫ್ ಮುಂಗಡ, ತಿಪಟೂರಿನ ತೆಂಗಿನ ತೋಟದಲ್ಲಿ ನಮ್ಮನೆಯವರ ಪಾಲು. ಆಮೇಲೂ ಸಾಲದೆ ನನ್ನ ಕಾಸಿನ ಸರ ಹೋಯಿತು. ಹತ್ತು ಗ್ರಾಂ ಚಿನ್ನ ಆಗ ಐನೂರ ನಲವತ್ತರ ಆಸುಪಾಸು. ಅಮ್ಮ ಅತ್ತಳು, ನನಗೆ ಅಳು ಬರಲಿಲ್ಲ. ಗೃಹಪ್ರವೇಶದ ದಿನ ಬರಿಗೊರಳಲ್ಲಿ ಒಂದು ಕರಿಮಣಿ ಹಾಕಿಕೊಂಡು ಹಾಲುಕ್ಕಿಸಿದೆ.

ಆ ಬೀದಿಯಲ್ಲಿ ಹೆಚ್ಚಿನವರು ಕಾರ್ಖಾನೆಯವರೇ. ಎಡಗಡೆಯವರು ಕಿರ್ಲೋಸ್ಕರ್ ಎಲೆಕ್ಟ್ರಿಕ್, ಬಲಗಡೆಯವರು ಬಿಇಎಲ್. ಯಾರ ಮನೆಯ ಗಂಡಸು ರಾತ್ರಿ ಪಾಳಿ, ಯಾರ ಮಗುವನ್ನು ಯಾರು ಶಾಲೆಯಿಂದ ಕರೆತರಬೇಕು ಎನ್ನುವುದು ಬೀದಿಗೆಲ್ಲ ಗೊತ್ತಿರುತ್ತಿತ್ತು. ನನ್ನ ಮಗ ಬೆಳೆದದ್ದು ಅವರ ಜಗಲಿಗಳಲ್ಲಿ.

ಅದೆಲ್ಲ ಒಂದೊಂದಾಗಿ ಹೋಯಿತು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇದ್ದ ನೆಲದಲ್ಲಿ ಓರಾಯನ್ ಮಾಲೂ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರವೂ ಎದ್ದವು. ನಮ್ಮ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕ್ವಾರ್ಟ್ಜ್ ಗಡಿಯಾರ ಬಂದಾಗಲೇ ನಮಗೆ ಅದು ತಿಳಿದಿತ್ತು. ಬಾವಿಯನ್ನು ಕಲ್ಲು ಹಾಸಿ ಮುಚ್ಚಿದೆವು, ಹಂಡೆ ಗುಜರಿಗೆ ಹೋಯಿತು. ಒರಳುಕಲ್ಲನ್ನು ಕೀಳಿಸಿ ದಾಸವಾಳದ ಬುಡಕ್ಕೆ ಸಾಗಿಸಿದೆವು.

ಮಗ ಮನೆ ಕೊಳ್ಳುವಾಗ ಆಫೀಸಿನ ಗೇಟು ನೋಡಿ ಕೊಂಡ. ಕೆಲಸ ವೈಟ್‌ಫೀಲ್ಡಿನ ಐಟಿಪಿಎಲ್‌ನಲ್ಲಿ, ಫ್ಲ್ಯಾಟು ಅದರ ಹತ್ತಿರವೇ. ಮೂರು ವರ್ಷ ಸುಖವಾಗಿತ್ತು. ಆಮೇಲೆ ಅವನು ಕಂಪನಿ ಬದಲಿಸಿದ. ಹೊಸ ಆಫೀಸು ನಾಗವಾರದ ಮಾನ್ಯತಾದಲ್ಲಿ. ಸಾಲದ ಕಂತು ಮಾತ್ರ ಅಲ್ಲೇ ಉಳಿಯಿತು. ಒಂದೇ ಗೇಟಿನಲ್ಲಿ ಮೂವತ್ತು ವರ್ಷ ಹೋಗಿ ಬರುವ ಕೆಲಸ ಅವರ ಪೀಳಿಗೆಗೆ ಇಲ್ಲವೆಂಬುದು ನನಗೆ ಅರ್ಥವಾದದ್ದು ಆಗ. 2024ರ ಬೇಸಿಗೆಯಲ್ಲಿ ಅವರ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು ಕೂತಾಗ ನಮ್ಮತ್ತೆಯ ಕೂಜಾ ನನಗೆ ತುಂಬ ನೆನಪಾಯಿತು.

ಈಗ ಮೊಮ್ಮಗಳ ಸರದಿ. ಅವಳು ಎಲೆಕ್ಟ್ರಾನಿಕ್ ಸಿಟಿಗೆ ಹೋಗಬೇಕು, ಅವಳ ಗಂಡ ಕಿರ್ಲೋಸ್ಕರ್ ಜಾಗದ ಅದೇ ಗೋಪುರಕ್ಕೆ. ಸೋಫಾದಲ್ಲಿ ಕೂತು ಫೋನಿನಲ್ಲಿ ನಕ್ಷೆ ಎಳೆದಾಡಿ, ಬೆಳಗ್ಗೆ ಒಂಬತ್ತಕ್ಕೆ ಎಷ್ಟು ನಿಮಿಷ, ಸಂಜೆ ಆರಕ್ಕೆ ಎಷ್ಟು ಎಂದು ಬರೆದಿಟ್ಟರು. ಇಬ್ಬರ ಆಫೀಸಿನ ಪಕ್ಕದಲ್ಲೂ ನೋಡಲಿಲ್ಲ. ಕನಕಪುರ ರಸ್ತೆಯ ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟರಲ್ಲಿ ಒಂದು ಫ್ಲ್ಯಾಟು ಹಿಡಿದರು. ಅವನು ಹಸಿರು ಮಾರ್ಗದಲ್ಲೇ ನೇರ ಬಂದು ನಮ್ಮ ಮನೆಯ ಹತ್ತಿರ ಇಳಿಯುತ್ತಾನೆ. ಆ ಮಾರ್ಗದ ನಿಲ್ದಾಣಗಳಲ್ಲೊಂದರ ಹೆಸರು ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಅವಳು ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಹತ್ತುತ್ತಾಳೆ. ಕಂಪನಿ ಬದಲಾದರೆ ಬೇರೆ ನಿಲ್ದಾಣದಲ್ಲಿ ಇಳಿದರಾಯಿತು, ಮನೆ ಬದಲಿಸಬೇಕಿಲ್ಲ ಎಂದಳು. ಈ ಲೆಕ್ಕ ನನ್ನ ಮನಸ್ಸಿಗೆ ಹಿಡಿಸಿತು.

ಬೆಲೆ ಒಂದು ಕೋಟಿ ಮೂವತ್ತು ಲಕ್ಷ. ಸದ್ಯ ಅದು ಎ ಖಾತೆ, ರೇರಾ ನೋಂದಣಿಯೂ ಇದೆ. ಅವಳು ಬಿಲ್ಡರಿಗೆ ಕೇಳಿದ ಮೊದಲ ಪ್ರಶ್ನೆ ನೀರಿನದೇ: ಕಾವೇರಿಯೋ, ಬೋರೋ, ಟ್ಯಾಂಕರೋ? ಬಾಯಿಮಾತಿಗೆ ಒಪ್ಪದೆ ಜಲಮಂಡಳಿಯ ಬಿಲ್ಲು ತೋರಿಸಿ ಎಂದಳಂತೆ, ತೋರಿಸಿದರಂತೆ. ಆಷಾಢ ಕಳೆದ ಮೇಲೆ ರಿಜಿಸ್ಟ್ರೇಷನ್. ಗೃಹಪ್ರವೇಶಕ್ಕೆ ಇಂಡಕ್ಷನ್ ಒಲೆಯ ಮೇಲೆ ಹಾಲುಕ್ಕಿಸಬಹುದೇ ಎಂದು ಪುರೋಹಿತರನ್ನು ಕೇಳಿದ್ದಾಳೆ. ಆಗಬಹುದು, ಪಾತ್ರೆ ಮಾತ್ರ ಆ ಒಲೆಗೆ ಹೊಂದುವಂಥದ್ದು ತನ್ನಿ ಎಂದಿದ್ದಾರೆ.