ಗಿಟಾರಿಗೊಂದು ಡಬ್ಬಿ ಬೂಸ್ಟರ್

ನಮ್ಮೂರ ಆರ್ಕೆಸ್ಟ್ರಾದಲ್ಲಿ ಗಿಟಾರ್ ಕಣ್ಣಿಗೆ ಕಾಣುತ್ತಿತ್ತೇ ಹೊರತು ಕಿವಿಗೆ ಕೇಳುತ್ತಿರಲಿಲ್ಲ. ಡ್ರಮ್ಸ್, ಕೀಬೋರ್ಡ್ ಅದನ್ನು ನುಂಗಿಬಿಡುತ್ತಿದ್ದವು. ಗಿಟಾರಿನ ಹುಡುಗನನ್ನೇ ಕೈಬಿಡೋಣ ಎಂಬ ಮಾತೂ ಎದ್ದಿತು. ಅದಕ್ಕೇ ನಾವು ಬೂಸ್ಟ್ ಪೆಡಲ್ ಕಟ್ಟಲು ಕೂತೆವು.

ಮಾದರಿ, 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಬಂದ ಎಲ್‌ಪಿಬಿ-1. ಒಂದೇ ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ವಾಲ್ಯೂಮ್, 9 ವೋಲ್ಟ್ ಬ್ಯಾಟರಿ. ಗಿಟಾರಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಬಿಡಿಭಾಗಗಳು ಕೆಟ್ಟ ರೇಡಿಯೊದಿಂದ ಸಿಕ್ಕವು.

ಹಚ್ಚಿದರೆ ಸದ್ದೇ ಇಲ್ಲ! ಬ್ಯಾಟರಿ ಹೊಸದು, ಬೆಸುಗೆ ಗಟ್ಟಿ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಕೆಂಪನ್ನು ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿಗೆ ಹಿಡಿದೆವು. ಬ್ಯಾಟರಿಯ ಹೆಚ್ಚೂಕಡಿಮೆ ಅರ್ಧ ತೋರಿಸಬೇಕಿತ್ತು. ತೋರಿಸಿದ್ದು ಪೂರಾ 9. ಅಂದರೆ ಟ್ರಾನ್ಸಿಸ್ಟರಿನೊಳಗೆ ಕರೆಂಟ್ ಹರಿಯುತ್ತಲೇ ಇಲ್ಲ. ಬೇಸ್ ಕಾಲಿನಲ್ಲಿ 0.8 ವೋಲ್ಟ್ ಸರಿಯಾಗಿತ್ತು. ಉಳಿದದ್ದು ಎಮಿಟರ್. ಅಲ್ಲಿನ 390 ಓಮ್ ರೆಸಿಸ್ಟರಿನ ಒಂದು ಕಾಲು ಬಿಚ್ಚಿ ಅಳೆದರೆ, ಒಳಗೇ ಕಡಿದುಹೋಗಿತ್ತು. ನೋಡಲು ಮಾತ್ರ ಮದುಮಗನ ಹಾಗಿತ್ತು.

ಬದಲಿಸಿದೆವು. ಸ್ಟೀಲ್ ಡಬ್ಬಿಯಲ್ಲಿ ಕೂರಿಸಿ, ಡಬ್ಬಿಯನ್ನೂ ಗ್ರೌಂಡಿಗೆ ಸೇರಿಸಿದ ಮೇಲೆ ಗುಂಯ್ ಎನ್ನುವ ಸದ್ದೂ ಅಡಗಿತು. ಸಂಜೆ ಪ್ರಾಕ್ಟೀಸಿನಲ್ಲಿ ಕೀಬೋರ್ಡಿನಣ್ಣ, "ಸ್ವಲ್ಪ ಕಮ್ಮಿ ಮಾಡೋ ಮಾರಾಯ" ಅಂದರು. ಹುಡುಗ ಕೇಳಿಸದವನಂತೆ ಬಾರಿಸುತ್ತಲೇ ಇದ್ದ.